ನಾಲ್ಕು ಚಕ್ರ, ಐದು ನಿಂಬೆಹಣ್ಣು

ನಮ್ಮ ಕಾರಿನಷ್ಟು ದೈವಭಕ್ತ ಕಾರು ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. ಪ್ರತಿ ಆಯುಧಪೂಜೆಗೂ ಅದಕ್ಕೆ ಅಭ್ಯಂಜನ. ಎರಡು ಬಕೆಟ್ ನೀರು, ಒಂದು ರೂಪಾಯಿಯ ಶಾಂಪೂ, ನನ್ನ ಹಳೇ ಬನಿಯನ್. ಮುಂದೆ ಬಾಳೆಕಂದು, ಬಾನೆಟ್ ಮೇಲೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿಯ ಮೂರು ಪಟ್ಟೆ, ಕೊನೆಗೆ ಕುಂಕುಮ ತುಂಬಿದ ಬೂದುಗುಂಬಳ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಕಾರು ಮುಂದಕ್ಕೆ ಹೊರಟರೆ ಪಚಕ್, ಪಚಕ್, ಪಚಕ್. ನಾಲ್ಕನೆಯದು ಮಾತ್ರ ಸದ್ದಿಲ್ಲದೆ ಪ್ರಾಣ ಬಿಡುತ್ತಿತ್ತು. ಆ ಚಕ್ರದಲ್ಲಿ ಗಾಳಿ ಇಲ್ಲ ಅನ್ನುವುದು ನಿಂಬೆಹಣ್ಣಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಬಾನೆಟ್ಟಿನ ಹೊರಗೆ ಇಷ್ಟೆಲ್ಲ ವೈಭವ. ಒಳಗೆ? ಎಂಜಿನ್ ಇದೆ ಅನ್ನುವುದು ನನ್ನ ನಂಬಿಕೆ, ನೋಡಿದವನಲ್ಲ. ಗರ್ಭಗುಡಿಯ ಬಾಗಿಲನ್ನು ಭಕ್ತರು ತೆಗೆಯಬಾರದು. ಅದು ಮೆಕ್ಯಾನಿಕ್ಕಿನ ಅಧಿಕಾರ.

‘ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಕೆದಕೋದು?’ ಇದು ನಮ್ಮ ಮನೆತನದ ವಾಹನಶಾಸ್ತ್ರ. ಕಾರು ಕಿರ್ ಎಂದರೆ ಎಫ್‌ಎಂ ಜೋರು ಮಾಡುತ್ತೇವೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದಾಗ ಅದರ ಮುಂದೆ ಒಂದು ಗಣಪತಿಯನ್ನು ಅಂಟಿಸಿದೆ. ದೀಪ ನಂದಾದೀಪವಾಯಿತು. ಗಣಪತಿಗೂ ಬೆಳಕಾಯಿತು.

ಹೀಗೆ ಸುಖವಾಗಿದ್ದಾಗ ಕಾರಿಗೆ ಹದಿನೈದು ತುಂಬಿತು. ಹಳದಿ ಬೋರ್ಡಿನ ಗಾಡಿಗಳಿಗಾದರೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ. ನಮ್ಮಂಥ ಬಿಳಿ ಬೋರ್ಡಿನವರಿಗೆ 15 ವರ್ಷ ಕೇಳುವವರೇ ಇಲ್ಲ. ಆಮೇಲೆ ಗಾಡಿಯನ್ನು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ ಪಾಸಾದರೆ ಇನ್ನೈದು ವರ್ಷ ಆಯುಸ್ಸು. ಹದಿನೈದು ವರ್ಷ ಶಾಲೆಗೇ ಹೋಗದವನು ಸೀದಾ ಎಸ್ಸೆಸ್ಸೆಲ್ಸಿಗೆ ಕೂತ ಹಾಗೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರಲ್ಲ, ನಮ್ಮದು ಶಸ್ತ್ರಕ್ಕೆ ಬರೀ ಪೂಜೆ, ಅಭ್ಯಾಸವೇ ಇಲ್ಲ.

ಹಿಂದಿನ ದಿನ ಗಾಡಿ ತೊಳೆಸಿದೆ. ಹೊಸ ಸೀಟ್ ಕವರ್, ಮಲ್ಲಿಗೆ ಪರಿಮಳದ ಡಬ್ಬಿ, ಸ್ಟೀರಿಂಗಿಗೆ ಒಂದು ಅಂಗಿ. ಹೆಣ್ಣು ನೋಡಲು ಬರುವವರಿಗೆ ಕೇಸರಿಬಾತು ಮಾಡಿದಷ್ಟೇ ಶ್ರದ್ಧೆ. ಆದರೆ ನಮ್ಮ ಕಡೆ ಆರ್‌ಟಿಓ ಇನ್‌ಸ್ಪೆಕ್ಟರನ್ನು ಇಂದಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಅನ್ನುತ್ತಾರೆಯೇ ಹೊರತು ‘ಸೀಟ್ ಕವರ್ ಇನ್‌ಸ್ಪೆಕ್ಟರ್’ ಅನ್ನುವುದಿಲ್ಲ. ಅದು ಆಗ ಹೊಳೆಯಲಿಲ್ಲ.

ಮರುದಿನ ಆರ್‌ಟಿಓ ಅಂಗಳದಲ್ಲಿ ಇನ್‌ಸ್ಪೆಕ್ಟರು “ಲೈಟ್ ಹಾಕ್ರೀ” ಅಂದರು. ಹಾಕಿದೆ. ಎಡಗಣ್ಣು ತೆರೆಯಿತು, ಬಲಗಣ್ಣು ಧ್ಯಾನದಲ್ಲಿತ್ತು. “ಬ್ರೇಕ್ ಒತ್ತಿ.” ಹಿಂದೆ ಕತ್ತಲೆ. “ವೈಪರ್?” ಅದು ಕರಕರ ಎಂದು ಗಾಜಿನ ಮೇಲೆ ಅರ್ಧಚಂದ್ರ ಗೀಚಿತು. ಬಿಸಿಲಿಗೆ ರಬ್ಬರ್ ಹಪ್ಪಳವಾಗಿತ್ತು. “ನೀರು ಬಿಡಿ.” ಗುಂಡಿ ಒತ್ತಿದರೆ ಬಾಟ್ಲಿ ಖಾಲಿ. ಇಂಗ್ಲೆಂಡಿನಲ್ಲಿರುವ ನನ್ನ ಭಾಮೈದ ಹೇಳಿದ್ದ: ಅಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ಎಂಓಟಿ ಪರೀಕ್ಷೆಯಂತೆ, ಗಾಜು ತೊಳೆಯುವ ನೀರಿಲ್ಲದಿದ್ದರೂ ಫೇಲಂತೆ. ‘ಎಂಥಾ ಜಿಪುಣ ದೇಶವಯ್ಯಾ, ಒಂದು ಚೊಂಬು ನೀರಿಗೆ!’ ಅಂತ ನಕ್ಕಿದ್ದೆ.

ಆಮೇಲೆ ಟೈರಿನ ಮುಂದೆ ಕೂತರು. ಕಾನೂನಿನ ಪ್ರಕಾರ ಟೈರಿನ ಸಾಲು 1.6 ಮಿಲಿಮೀಟರಾದರೂ ಆಳ ಇರಬೇಕು. ಸಾಲಿನ ನಡುವೆ ಸಣ್ಣ ದಿಣ್ಣೆಗಳಿರುತ್ತವೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಕಥೆ ಮುಗಿಯಿತು. ನಮ್ಮ ಟೈರಿನಲ್ಲಿ ದಿಣ್ಣೆಯೂ ಇರಲಿಲ್ಲ, ಹಳ್ಳವೂ ಇರಲಿಲ್ಲ, ಸರ್ವಸಮಾನತೆ. “ಇಲ್ಲಿ ಓದಿ” ಎಂದು ಪಕ್ಕದ ನಾಲ್ಕಂಕಿ ತೋರಿಸಿದರು: 3112. ಫ್ಯಾನ್ಸಿ ನಂಬರ್ ಇರಬೇಕು ಅಂದುಕೊಂಡೆ. 2012ರ 31ನೇ ವಾರ ತಯಾರಾದದ್ದು ಅಂತ ಅರ್ಥವಂತೆ. ನಮ್ಮ ಟೈರಿಗೆ ಹೈಸ್ಕೂಲಿನಲ್ಲಿ ಸೀಟು ಸಿಗುತ್ತಿತ್ತು.

“ಹ್ಯಾಂಡ್‌ಬ್ರೇಕ್ ಎಳೀರಿ.” ಆಕಾಶದವರೆಗೆ ಎಳೆದೆ. ಅಂಗಳ ಸ್ವಲ್ಪ ಇಳಿಜಾರು. ಕಾರು ಮೆಲ್ಲಗೆ, ಮರ್ಯಾದೆಯಿಂದ, ಹಿಂದಕ್ಕೆ ಹೊರಟಿತು. ಅಭ್ಯಾಸಬಲ ನೋಡಿ, ನನ್ನ ಬಾಯಿಂದ ತಾನೇ ಬಂತು: “ಲೋ, ಕಲ್ಲು ಕೊಡೋ!” ಮಗ ಡಿಕ್ಕಿಯಿಂದ ಕಲ್ಲು ತಂದು ಚಕ್ರಕ್ಕೆ ಕೊಟ್ಟ. ಹತ್ತು ವರ್ಷದಿಂದ ನಮ್ಮ ಜೊತೆ ಧರ್ಮಸ್ಥಳ, ಊಟಿ ಎಲ್ಲ ಸುತ್ತಿದ ಕಲ್ಲು ಅದು. ಇನ್‌ಸ್ಪೆಕ್ಟರು ಕಲ್ಲನ್ನೂ ನನ್ನನ್ನೂ ಒಮ್ಮೆ ನೋಡಿದರು. ಇಬ್ಬರಲ್ಲಿ ಹೆಚ್ಚು ವ್ಯತ್ಯಾಸ ಕಂಡಂತಿಲ್ಲ. “ಇದಕ್ಕೂ ಎಫ್‌ಸಿ ಮಾಡಿಸ್ತೀರೇನ್ರೀ?” ಅಂದರು.

ಫೇಲು.

ಗ್ಯಾರೇಜಿನ ಹುಡುಗ ಗರ್ಭಗುಡಿ ತೆಗೆದ. ಆಯಿಲ್ ಕಡ್ಡಿ ಎಳೆದು ನೋಡಿ, “ಸಾರ್, ಇದು ಆಯಿಲ್ಲಾ ಕಾಡಿಗೆನಾ?” ಅಂದ. ರೇಡಿಯೇಟರಿಗೆ ಕೂಲೆಂಟ್ ಬದಲು ನಾನು ಬೋರ್‌ವೆಲ್ ನೀರು ಕುಡಿಸಿದ್ದೆ; ಗೀಸರಿನ ಕಾಯಿಲ್‌ಗೆ ಕಟ್ಟುವಂಥ ಬಿಳಿ ಹಕ್ಕಳೆ ಅಲ್ಲೂ ಕಟ್ಟಿತ್ತು. ಬ್ರೇಕ್ ಆಯಿಲ್ಲಿನ ಬಣ್ಣ ನೋಡಿ ಮಾತ್ರ ಅವನು ತಮಾಷೆ ಬಿಟ್ಟ. “ಮುಚ್ಚಳ ತೆಗೆದಿಟ್ಟ ಉಪ್ಪಿನ ಹಾಗೆ ಸಾರ್ ಇದು, ತೇವ ಎಳ್ಕೊಳ್ಳುತ್ತೆ. ಎರಡು ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು. ಘಾಟಿ ಇಳಿಯೋವಾಗ ಬ್ರೇಕ್ ಕಾದ್ರೆ ಒಳಗಿರೋ ನೀರು ಆವಿಯಾಗುತ್ತೆ. ಪೆಡಲ್ ತುಳಿದ್ರೆ ಹತ್ತಿ ತುಳಿದ ಹಾಗೆ.” ಹೋದ ಮಳೆಗಾಲದಲ್ಲಿ ಆಗುಂಬೆಯ 14 ತಿರುವನ್ನು ಇದೇ ಬ್ರೇಕು, ಇದೇ ಬೋಳು ಟೈರು, ಹಿಂದಿನ ಸೀಟಿನಲ್ಲಿ ಅತ್ತೆಯವರೊಂದಿಗೆ ಇಳಿದದ್ದು ನೆನಪಾಯಿತು. ಅತ್ತೆ ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ಭಕ್ತಿ ಅಂದುಕೊಂಡಿದ್ದೆ. ಇನ್‌ಸ್ಪೆಕ್ಷನ್ ರಿಪೋರ್ಟ್ ಆಗಿತ್ತು.

ಬಿಲ್ಲು ಬಂತು. ಟೈರು ಬಿಟ್ಟರೆ ಉಳಿದದ್ದೆಲ್ಲ ಚಿಲ್ಲರೆ ಬಾಬ್ತು: ಎರಡು ಬಲ್ಬು, ವೈಪರ್ ರಬ್ಬರು, ಒಂದು ಕೇಬಲ್ ಬಿಗಿ ಮಾಡಿದ ಕೂಲಿ. ಟೈರು ಬಿಟ್ಟು ಲೆಕ್ಕ ಹಾಕಿದರೆ ಸೀಟ್ ಕವರಿಗೇ ಹೆಚ್ಚು ಬಿದ್ದಿತ್ತು. ಇನ್ನು ಗಾಳಿಗಂತೂ ಬಂಕಿನಲ್ಲಿ ದುಡ್ಡೇ ಇಲ್ಲ. ಪುಕ್ಕಟೆ ಸಿಕ್ಕರೆ ಫಿನಾಯಿಲೂ ಬಿಡದ ನಾವು ಅದೊಂದನ್ನು ಬಿಟ್ಟಿದ್ದೇವೆ. ಅಪರೂಪಕ್ಕೆ ನಿಲ್ಲಿಸಿದರೂ ಹುಡುಗ “ಎಷ್ಟು ಸಾರ್?” ಅಂದಾಗ “ನಿಂಗೊತ್ತಲ್ಲ, ಹಾಕಪ್ಪಾ” ಅನ್ನುತ್ತೇವೆ. ಎಷ್ಟು ಅನ್ನುವುದು ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲೇ ಬರೆದಿರುತ್ತದೆ. ಹದಿನೈದು ವರ್ಷ ಆ ಬಾಗಿಲು ತೆಗೆದು ಹಾಕಿದವನು ನಾನೇ.

ಎರಡನೇ ಸಲ ಪಾಸಾಯಿತು. ಆ ಖುಷಿಗೆ ಕಲ್ಲಿಗೆ ನಿವೃತ್ತಿ ಕೊಡೋಣವೆಂದು ಡಿಕ್ಕಿ ಖಾಲಿ ಮಾಡಿದರೆ ಮ್ಯಾಟಿನ ಕೆಳಗೆ ಸ್ಟೆಪ್ನಿ ಸಿಕ್ಕಿತು. 1904ರಲ್ಲಿ ವೇಲ್ಸ್ ದೇಶದ ಸ್ಟೆಪ್ನಿ ಎಂಬ ಬೀದಿಯಲ್ಲಿ ಹುಟ್ಟಿದ ಬಿಡಿಚಕ್ರದ ಹೆಸರಿದು. ಅಲ್ಲಿನವರು ಆ ಹೆಸರನ್ನು ಮರೆತರು, ನಾವು ಹೆಸರನ್ನು ಇಟ್ಟುಕೊಂಡು ಚಕ್ರವನ್ನು ಮರೆತೆವು. ಒತ್ತಿ ನೋಡಿದೆ, ಮೊನ್ನೆಯ ಇಡ್ಲಿಯಷ್ಟೂ ಗಟ್ಟಿ ಇಲ್ಲ.

ಅದಕ್ಕೇ ಈ ಆಯುಧಪೂಜೆಗೆ ಐದು ನಿಂಬೆಹಣ್ಣು ತಂದೆ. “ಐದನೇದು ಯಾಕ್ರೀ?” ಅಂದಳು ಹೆಂಡತಿ.

“ಪಾಪ, ಸ್ಟೆಪ್ನಿಗೆ.”

“ಅದಕ್ಕೆ ಗಾಳಿ ಹಾಕಿಸಿದ್ರಾ?”

“ಹಬ್ಬದ ದಿನ ಯಾರೇ ಹಾಕ್ತಾರೆ? ಪಂಕ್ಚರ್ ಅಂಗಡಿಯವನು ಕಂಪ್ರೆಸರ್‌ಗೆ ಹಾರ ಹಾಕಿ, ಕುಂಕುಮ ಇಟ್ಟು ಕೂರಿಸಿಬಿಟ್ಟಿದ್ದಾನೆ.”