ಮೂವತ್ತೊಂದಣ್ಣ

ಅಪ್ಪ ಅಮ್ಮ ಇಟ್ಟ ಹೆಸರು ಮಸ್ಟರ್ ರೋಲಿನಲ್ಲಿ ಎಲ್ಲೋ ಇರಬೇಕು. ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯಲ್ಲಿ ಅದನ್ನು ಬಳಸುವವರಿಲ್ಲ. ಸ್ಟೋರ್ಸಿನ ಕಿಟಕಿ ಹಿಂದೆ ಕೂತು ಬೋಲ್ಟು, ಬೇರಿಂಗು, ಕಾಟನ್ ವೇಸ್ಟು ಎಣಿಸಿ ಕೊಡುವ ಆ ಮನುಷ್ಯ ಎಲ್ಲರಿಗೂ ಮೂವತ್ತೊಂದಣ್ಣ. ಕೆಲಸದಲ್ಲಿ ಇರುವಾಗಲೇ ಪಿ.ಎಫ್. ದುಡ್ಡು ತೆಗೆಸಬೇಕಾದರೆ ಹಾಕುವ ಫಾರಂ ನಂಬರ್ 31. ಆ ಫಾರಂ ಅವನಿಗೆ ಅಂಟಿತೋ, ಅವನೇ ಅದಕ್ಕೆ ಅಂಟಿಕೊಂಡನೋ ಗೊತ್ತಿಲ್ಲ. ಹೊಸದಾಗಿ ಬಂದ ಎಚ್.ಆರ್. ಹುಡುಗಿ ಮೂವತ್ತೊಂದು ಅಂದರೆ ಅವನ ವಯಸ್ಸು ಎಂದುಕೊಂಡು, ಆ ಬೋಳುತಲೆ ನೋಡಿ ಒಂದು ವಾರ ಮರುಗಿದ್ದಳಂತೆ.

ಕಷ್ಟ ಹೇಳಿಕೊಂಡು ಬಂದವರನ್ನು ಅವನು ಸಮಾಧಾನ ಮಾಡುವುದಿಲ್ಲ. ಮೂರು ಕಾಲಿನ ಸ್ಟೂಲನ್ನು ಕಾಲಲ್ಲೇ ಮುಂದಕ್ಕೆ ತಳ್ಳಿ, "ಸರ್ವೀಸ್ ಎಷ್ಟಾಯ್ತು?" ಎನ್ನುತ್ತಾನೆ. ಆಮೇಲೆ ಪಿ.ಎಫ್.ನ ಯುಎಎನ್ ನಂಬರು ಕೇಳುತ್ತಾನೆ. ಅದರಲ್ಲಿ ಹನ್ನೆರಡು ಅಂಕಿ, ಜಾತಕದಲ್ಲಿ ಹನ್ನೆರಡು ಮನೆ. ಕಣ್ಣು ಅರೆಮುಚ್ಚಿ, ತುಟಿ ಪಿಟಿಪಿಟಿ ಮಾಡಿ, ಬೇಸಿಕ್ಕಿನ ಮೇಲೆ ಡಿ.ಎ. ಕೂಡಿಸಿ, ಅದಕ್ಕೆ ಶೇ. 12 ಹಾಕಿ ಅವನು ಫಲ ಹೇಳುವುದನ್ನು ನೋಡಬೇಕು. ದಕ್ಷಿಣೆ ಒಂದು ಬೈಟು ಟೀ.

ಅವನ ವಿದ್ಯೆಯ ಗುಟ್ಟು ಇಷ್ಟೇ: ಸರ್ಕಾರ ಕೇಳುವುದು ಕಷ್ಟವನ್ನಲ್ಲ, ಕಾರಣವನ್ನು. ಆ ಕಾರಣ ಪಟ್ಟಿಯಲ್ಲಿ ಇರಬೇಕು. ನಮ್ಮ ಜನಕ್ಕೆ ಬರುವ ಕಷ್ಟವೋ, ಒಂದೂ ಪಟ್ಟಿ ಓದಿಕೊಂಡು ಬರುವುದಿಲ್ಲ. ಊರಲ್ಲಿ ಬೋರ್‌ವೆಲ್ ಕೊರೆಸಿ ನೀರು ಬರಲಿಲ್ಲ, ಚೀಟಿ ನಡೆಸುತ್ತಿದ್ದವನು ರಾತ್ರೋರಾತ್ರಿ ಮನೆ ಖಾಲಿ ಮಾಡಿದ, ತಮ್ಮನ ಟೆಂಪೋಗೆ ಫೈನಾನ್ಸಿನವರು ಬೀಗ ಹಾಕಿದರು, ಇವಕ್ಕೆಲ್ಲ ಎಲ್ಲಿದೆ ಕಾಲಂ? ಈ ಕಡೆಯ ಕಷ್ಟವನ್ನು ಆ ಕಡೆಯ ಕಾರಣಕ್ಕೆ ಹೊಂದಿಸಿ ಕೊಡುವುದೇ ಮೂವತ್ತೊಂದಣ್ಣನ ಕಸುಬು. ಹುಡುಗಿ ಕಡೆಯವರಿಗೂ ಹುಡುಗನ ಕಡೆಯವರಿಗೂ ಜಾತಕ ಕೂಡಿಸಿದಂತೆ.

ಒಮ್ಮೆ ಲೇತ್ ಮಷಿನ್ ಹುಡುಗ ಭಾವಮೈದನ ಮದುವೆಗೆ ದುಡ್ಡು ಬೇಕೆಂದು ಬಂದ.

"ಏಳು ವರ್ಷ ಆಗಿದ್ಯಾ?"

"ಆಗಿದೆ ಅಣ್ಣಾ."

"ನಿನ್ನ ಪಾಲಿಂದ ಅರ್ಧ ಬರುತ್ತೆ. ಆದ್ರೆ ನಿನ್ನ ಮದುವೆ, ಮಗನ್ದು, ಮಗಳ್ದು, ಒಡಹುಟ್ಟಿದೋರ್ದು, ಇಷ್ಟೇ. ಭಾವಮೈದ ಅನ್ನೋನು ಸರ್ಕಾರಕ್ಕೆ ನೆಂಟನೇ ಅಲ್ಲ."

"ಅಯ್ಯೋ, ನಮ್ಮನೇಲಿ ಅವನೇ ಅಲ್ವಾ ಸರ್ಕಾರ!"

ಮೂವತ್ತೊಂದಣ್ಣ ಆ ಹುಡುಗನ ಮುಖವನ್ನೇ ನೋಡಿ, "ರಾತ್ರಿ ನಿದ್ದೆ ಬರುತ್ತಾ?" ಎಂದ. ಬರಲ್ಲ. "ತಲೆನೋವು?" ಇದೆ. "ಮತ್ತೆ ಕಾಯಿಲೆ ಅನ್ನೋಕೆ ಇನ್ನೇನು ಕೊಂಬು ಇರ್ಬೇಕಾ?" ಕಾಯಿಲೆಗೆ ಏಳು ವರ್ಷ ಬೇಡ, ಏಳು ದಿನವೂ ಬೇಡ. ಆರು ತಿಂಗಳ ಬೇಸಿಕ್ಕು ಡಿ.ಎ. ಅಥವಾ ಖಾತೆಯಲ್ಲಿರುವ ನಿನ್ನ ಪಾಲು, ಯಾವುದು ಕಡಿಮೆಯೋ ಅದು. 2017ರ ನಂತರ ಡಾಕ್ಟರ ಸರ್ಟಿಫಿಕೇಟು ಹೋಗಿ ಸ್ವಂತ ಘೋಷಣೆ ಸಾಕು ಎಂದಾಯಿತು ನೋಡಿ, ನಮ್ಮ ಶಾಪ್ ಫ್ಲೋರಿನ ಆರೋಗ್ಯ ಅಂದಿನಿಂದ ಕೆಟ್ಟಿದೆ. ಅದರಲ್ಲೂ ಜೂನ್ ತಿಂಗಳು ವಿಪರೀತ. ಓದಿಗೆಂದು ತೆಗೆಸಬೇಕಾದರೆ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿರಬೇಕು ಎನ್ನುತ್ತಿತ್ತು ಹಳೆಯ ನಿಯಮ. ಬರೆದ ಪುಣ್ಯಾತ್ಮರು ಬೆಂಗಳೂರಿನ ಎಲ್‌ಕೆಜಿ ಫೀಸು ಕಂಡವರಲ್ಲ.

"ಯಾವುದು ಕಡಿಮೆಯೋ ಅದು" ಎಂಬ ಮಾತು ಹಳೆಯ ಪಟ್ಟಿಯ ಹೆಚ್ಚುಕಡಿಮೆ ಪ್ರತಿ ಪ್ಯಾರಾದ ಬಾಲದಲ್ಲೂ ಬರುತ್ತದೆ. ಅದು ಮೂವತ್ತೊಂದಣ್ಣನ ನಾಲಿಗೆಗೂ ಹತ್ತಿಬಿಟ್ಟಿದೆ. ಮದುವೆ ಮನೆಗೆ ಮುಯ್ಯಿ ಎಷ್ಟು ಹಾಕೋಣ ಎಂದರೆ, "ಐನೂರು, ಇಲ್ಲಾ ಹೋದ್ಸಲ ಅವರು ಹಾಕಿದ್ದು, ಯಾವುದು ಕಡಿಮೆಯೋ ಅದು" ಎನ್ನುತ್ತಾನೆ.

ಆ ಪಟ್ಟಿಯಲ್ಲಿ ಅವನಿಗೆ ಬಲು ಪ್ರೀತಿಯದು 68ಎಂ. ಕರೆಂಟು ಕಡಿತದಿಂದ ಸಂಬಳ ಇಳಿದವರಿಗೆ ಮುಂಗಡ. ಎಷ್ಟು? ಒಂದು ತಿಂಗಳ ಸಂಬಳ ಅಥವಾ 300 ರೂಪಾಯಿ. ಇಲ್ಲಿಯೂ ಯಾವುದು ಕಡಿಮೆಯೋ ಅದು. "ಸಾಯೋದ್ರೊಳಗೆ ಒಬ್ಬನಿಗಾದ್ರೂ ಇದನ್ನ ತೆಗೆಸಿ ಕೊಡ್ಬೇಕು ಕಣಯ್ಯಾ" ಎನ್ನುತ್ತಾನೆ, ಜನ ಕಾಶಿಗೆ ಹೋಗಬೇಕು ಎನ್ನುವ ಧಾಟಿಯಲ್ಲಿ. ಲೋಡ್ ಶೆಡ್ಡಿಂಗ್ ಆದಾಗಲೆಲ್ಲ ಜನರೇಟರ್ ಕಡೆ ಹೋಗುವ ಬದಲು ನಮ್ಮ ಮುಖಗಳನ್ನು ಆಸೆಯಿಂದ ನೋಡುತ್ತಾನೆ.

ಹೆಸರಿಗೆ ಅಡ್ವಾನ್ಸು, ವಾಪಸ್ ಕಟ್ಟಬೇಕಿಲ್ಲ. ವಾಪಸ್ ಬಾರದ ಅಡ್ವಾನ್ಸು ಲೋಕದಲ್ಲಿ ಎರಡೇ: ಇದೊಂದು, ನೆಂಟರಿಗೆ ಕೊಟ್ಟ ಕೈಸಾಲ ಇನ್ನೊಂದು. ಇದು ಅವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಬುದ್ಧಿವಾದವನ್ನೂ ಹೇಳುತ್ತಾನೆ. ಯಾವಾಗ? ಒಟಿಪಿ ಒತ್ತಿ, ಕ್ಲೇಮ್ ಹೋಯಿತು ಎಂದು ಪರದೆಯ ಮೇಲೆ ಬಂದು, ಟೀ ಲೋಟ ಕೈಗೆ ಸಿಕ್ಕ ಮೇಲೆ. "ಈಗ ಕೇಳು. ಈ ಐವತ್ತು ಸಾವಿರಾನ ಮುಟ್ಟದೆ ಇಪ್ಪತ್ತು ವರ್ಷ ಬಿಟ್ಟಿದ್ರೆ, ಈಗಿನ 8.25 ಬಡ್ಡೀಲೇ ಎರಡು ಲಕ್ಷ ನಲವತ್ತು ಸಾವಿರ ದಾಟ್ತಿತ್ತು. ಕಣ್ಣಿಗೆ ಕಾಣೋ ಐವತ್ತು ತಗೊಂಡೆ, ಕಾಣ್ದೆ ಇರೋ ಎರಡು ಲಕ್ಷ ಕಳ್ಕೊಂಡೆ." ಬಂದವನು ಪೆಚ್ಚಾಗಿ ಟೀ ದುಡ್ಡು ಕೊಟ್ಟು ಹೋಗುತ್ತಾನೆ.

ಅವನ ಜನ್ಮವೈರಿ ಎಂದರೆ ನಮ್ಮ ಹೆಸರುಗಳು. ಇನಿಷಿಯಲ್ ಎಂಬುದನ್ನು ಒಬ್ಬ ಮೇಸ್ಟ್ರು ಹಿಂದೆ ಬರೆದರೆ ಇನ್ನೊಬ್ಬ ಗುಮಾಸ್ತ ಮುಂದೆ ಬರೆದಿರುತ್ತಾನೆ. ಪಿ.ಎಫ್.ನಲ್ಲಿ ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ್, ಬ್ಯಾಂಕಿನಲ್ಲಿ ಎಚ್. ಕೆ. ಮಂಜುನಾಥಯ್ಯ. ಮೂರು ಜನರೂ ಒಬ್ಬನೇ ಎಂದು ಹೆಂಡತಿ ಒಪ್ಪುತ್ತಾಳೆ, ಕಂಪ್ಯೂಟರ್ ಒಪ್ಪುವುದಿಲ್ಲ. ಕ್ಲೇಮು ವಾಪಸ್. ಹಾಗೆ ಹೆಸರು ತಾಳೆಯಾಗದೆ ಬಂದವರಿಗೆ ಅವನದೊಂದು ಸ್ಥಿರ ಬೈಗುಳವಿದೆ: "ನಾಮಕರಣಕ್ಕೆ ಹೋಳಿಗೆ ತಿಂದೋರೆಲ್ಲ ಸ್ಪೆಲ್ಲಿಂಗ್ ಕೇಳ್ಬೇಕಿತ್ತು!"

ಅವನ ಪಾಂಡಿತ್ಯಕ್ಕೆ ತಲೆಬಾಗದ ಜೀವ ಒಂದೇ ಒಂದು, ಅವನ ಹೆಂಡತಿ. ಆಕೆ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕುತ್ತಿದ್ದವಳು. 2016ರ ಫೆಬ್ರವರಿಯಲ್ಲಿ ಕೇಂದ್ರದಿಂದ ಒಂದು ಅಧಿಸೂಚನೆ ಬಂತು: ಕೆಲಸ ಬಿಟ್ಟರೂ ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗದು. ಮೂವತ್ತೊಂದಣ್ಣ ಅದನ್ನು ಪ್ರಿಂಟು ತೆಗೆಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಎರಡು ತಿಂಗಳು ಅರ್ಥ ಬಿಡಿಸಿದ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಬಾಣಂತನಕ್ಕೋ, ಅತ್ತೆಯ ಕಾಯಿಲೆಗೋ, ಸಾಲ ತೀರಿಸುವುದಕ್ಕೋ ಕೆಲಸ ಬಿಟ್ಟು, ಪಿ.ಎಫ್. ಎತ್ತಿಕೊಂಡು, ಮತ್ತೆ ಇನ್ನೊಂದು ಗೇಟಿನಲ್ಲಿ ಸೇರುವವರು ಅವರು. ಐವತ್ತೆಂಟರ ತನಕ ಹೊಲಿಗೆ ಮಷಿನ್ ಮುಂದೆ ಕೂತವರನ್ನು ಅವರು ಕಂಡೇ ಇರಲಿಲ್ಲ. ಏಪ್ರಿಲ್ 18ಕ್ಕೆ ಸಾವಿರಾರು ಜನ ಹೊಸೂರು ರಸ್ತೆಗೆ ಬಂದು ನಿಂತರು. ಮರುದಿನ ಜಾಲಹಳ್ಳಿ, ಪೀಣ್ಯ ಕಡೆಯೂ ರಸ್ತೆ ತುಂಬಿತು. ಲಾಠಿ, ಬೆಂಕಿ, ಅಶ್ರುವಾಯು ಎಲ್ಲ ಆಯಿತು. 19ರ ಸಂಜೆ ಹೊತ್ತಿಗೆ ಅಧಿಸೂಚನೆ ವಾಪಸ್.

"ಇವರು ಪ್ಯಾರಾ ಓದ್ತಾ ಕೂತಿದ್ರು ಸಾರ್. ನಾವು ರೋಡಿಗೆ ಬಂದ್ವಿ. ಪ್ಯಾರಾನೇ ಎದ್ದು ಹೋಯ್ತು" ಎಂದು ಆಕೆ ನನಗೆ ಹೇಳುವಾಗ ಮೂವತ್ತೊಂದಣ್ಣ ಬಾಗಿಲ ಬಳಿ ಚಪ್ಪಲಿ ಜೋಡಿಸುತ್ತಿದ್ದ. ನಾಲ್ಕೇ ಜೊತೆ ಚಪ್ಪಲಿಗೆ ಸುಮಾರು ಹೊತ್ತು ತೆಗೆದುಕೊಂಡ.

2020ರ ಕೊರೊನಾದಲ್ಲಿ ಮಾತ್ರ ಅವನ ದೆಸೆ ಉಚ್ಚಸ್ಥಾನದಲ್ಲಿತ್ತು. ಮಾರ್ಚ್ ಕೊನೆಗೆ ನಿಯಮ ಬಂತು: ಮೂರು ತಿಂಗಳ ಬೇಸಿಕ್ಕು ಡಿ.ಎ. ಅಥವಾ ಖಾತೆಯ ಶೇ. 75, ಯಾವುದು ಕಡಿಮೆಯೋ ಅದು. ಕಾರ್ಖಾನೆಗೆ ಬೀಗ, ಜನ ಊರುಗಳಲ್ಲಿ. ಲಗ್ಗೆರೆಯ ಬಾಡಿಗೆ ಮನೆಯ ತಾರಸಿ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ, ಲುಂಗಿ ಮೇಲೆ ಕಟ್ಟಿ ಕೂತು, ಕೊಪ್ಪಳದವನಿಗೊಂದು ಹಾಸನದವನಿಗೊಂದು ಫೋನು. ಕರೆನ್ಸಿ ಹಾಕಿಸದೆ ಸತ್ತುಹೋದ ಹಳೇ ನಂಬರಿಗೆ ಒಟಿಪಿ ಹೋಗುತ್ತಿತ್ತು. ಆ ನಂಬರು ಈಗ ಯಾರ ಹತ್ತಿರ ಇದೆಯೋ ಅವರನ್ನೂ ಮಾತಾಡಿಸಿ, ಕೊನೆಗೆ ಅವರದೂ ಪಿ.ಎಫ್. ಇದೆಯೆಂದು ತಿಳಿದು ಅವರಿಗೂ ತೆಗೆಸಿಕೊಟ್ಟನಂತೆ. ಇದು ಅವನೇ ಹೇಳಿದ್ದು, ಅರ್ಧ ಕಳೆದು ನಂಬಬಹುದು.

ಒಮ್ಮೆ ಅವನ ಪಾಸ್‌ಬುಕ್ ನೋಡುವ ಯೋಗ ನನಗೆ ಬಂತು. ಕನ್ನಡಕ ಮರೆತು ಬಂದು, ಮೊಬೈಲು ನನ್ನ ಕೈಗಿಟ್ಟು ಓದು ಎಂದ. ನೌಕರನ ಪಾಲು ಒಂದು ಕಾಲಂ, ಮಾಲೀಕರದು ಒಂದು, ಪೆನ್ಷನ್‌ಗೆ ಹೋಗುವುದು ಮತ್ತೊಂದು. ಅವನ ಪಾಲಿನ ಕಾಲಂ ಹಬ್ಬ ಮುಗಿದ ಮನೆಯ ಪಾತ್ರೆಯಂತೆ ಬಳಿದು ಸ್ವಚ್ಛವಾಗಿತ್ತು: ತಂಗಿ ಮದುವೆ, ಅಮ್ಮನ ಕಣ್ಣಿನ ಆಪರೇಷನ್, ಮಗನ ಡಿಪ್ಲೊಮಾ, ಕೊರೊನಾ ಎರಡು ಸಲ. ತಳದಲ್ಲಿ 4,112 ರೂಪಾಯಿ. ಇಪ್ಪತ್ತಾರು ವರ್ಷದ ಸರ್ವೀಸು.

"ನನ್ನ ಪಾಲು ನಾನು ತಿಂದೆ. ಓನರ್ ಪಾಲು ಇನ್ನೂ ಇದ್ಯಲ್ಲ" ಎಂದು ನಕ್ಕ. ನಾನು ಬಡ್ಡಿ ಲೆಕ್ಕ ತೆಗೆಯಲು ಹೋಗಲಿಲ್ಲ.

2025ರ ಅಕ್ಟೋಬರ್ ನಡುವೆ ಒಂದು ಬೆಳಿಗ್ಗೆ ಸ್ಟೋರ್ಸಿನ ಕಿಟಕಿ ತೆರೆದಿರಲಿಲ್ಲ. ಒಳಗೆ ಪೇಪರ್ ಹರಡಿಕೊಂಡು ಕೂತಿದ್ದ. 13ನೇ ತಾರೀಕು ಪಿ.ಎಫ್. ಕೇಂದ್ರ ಟ್ರಸ್ಟಿಗಳ ಮಂಡಳಿ ಸೇರಿ ತೀರ್ಮಾನ ಮಾಡಿತ್ತು: ಹದಿಮೂರು ಬಗೆಯ ಕಾರಣಗಳನ್ನು ಒಟ್ಟುಗೂಡಿಸಿ ಮೂರೇ ಗುಂಪು. ಎಲ್ಲದಕ್ಕೂ ಒಂದೇ ವರ್ಷದ ಸರ್ವೀಸು ಸಾಕು. ಕಾಲು ಭಾಗ ಖಾತೆಯಲ್ಲೇ ಉಳಿಯಬೇಕು. ಮತ್ತೆ, ವಿಶೇಷ ಸಂದರ್ಭ ಎಂದು ಹಾಕಿದರೆ ಯಾಕೆ ಏನು ಎಂದು ಹೇಳಲೇಬೇಕಾಗಿಲ್ಲ.

"ಕಾರಣಾನೇ ಕೇಳಲ್ವಂತೆ" ಎಂದ. ಮಗಳಿಗೆ ವರದಕ್ಷಿಣೆ ಬೇಡ ಎಂದವರ ಮೇಲೆ ಅನುಮಾನ ಪಡುವ ಅಪ್ಪನ ದನಿ. "68ಎಂ ಕೂಡ ಹೋಯ್ತು ಅನ್ಸುತ್ತೆ."

ಅಷ್ಟರಲ್ಲಿ ಲೇತ್ ಮಷಿನ್ ಹುಡುಗ ಬಂದು ಕಿಟಕಿ ತಟ್ಟಿದ. ಕೈಯಲ್ಲಿ ಮೊಬೈಲು.

"ಅಣ್ಣಾ, ಸ್ವಲ್ಪ ದುಡ್ಡು ತೆಗೀಬೇಕಿತ್ತು."

"ಯಾಕೆ?"

"ಇನ್ಮೇಲೆ ಯಾಕೆ ಅಂತ ಹೇಳೋ ಹಾಗಿಲ್ವಂತಲ್ಲಣ್ಣಾ."

ಮೂವತ್ತೊಂದಣ್ಣ ಪೇಪರ್ ಮಡಚಿ ಕಾಟನ್ ವೇಸ್ಟಿನ ಚೀಲದ ಮೇಲಿಟ್ಟ. ಸ್ಟೂಲನ್ನು ಕಾಲಲ್ಲೇ ಮುಂದಕ್ಕೆ ತಳ್ಳಿದ.

"ಅವರಿಗೆ ಬೇಡ ಬಿಡೋ. ನನಗೆ ಹೇಳು."