ಎಷ್ಟದ?

ಪುಣೆಯ ಕೋಥ್ರೂಡಿನಲ್ಲಿ ಕೂದಲು ಹಣ್ಣು ಮಾಡಿಕೊಂಡ ಧಾರವಾಡದ ಕಾಕಾಗಳನ್ನು ಗುರುತಿಸುವುದು ಸುಲಭ. ರಿಕ್ಷಾದವನ ಜೊತೆ ಮರಾಠಿಯಲ್ಲಿ ಜಗಳಾಡುತ್ತಾರೆ, ಉಳಿದ ಚಿಲ್ಲರೆಯನ್ನು ಕನ್ನಡದಲ್ಲಿ ಎಣಿಸುತ್ತಾರೆ, ಸಿಹಿಯನ್ನು ಭಾಷಾಭೇದವಿಲ್ಲದೆ ತಿನ್ನುತ್ತಾರೆ. ಊರಿಂದ ಬರುವವರು ಪೇಢೆ ತರಬೇಕು. ಊರಿಗೆ ಹೋಗುವವರು ಚಿತಳೆಯವರ ಆಂಬಾ ಬರ್ಫಿ ಒಯ್ಯಬೇಕು. ಎರಡೂ ಡಬ್ಬಿ ಒಂದು ರಾತ್ರಿಯಾದರೂ ಕಾಕಾನ ಮನೆಯಲ್ಲಿ ತಂಗಿ ಹೋಗುತ್ತವೆ, ಸ್ವಲ್ಪ ಹಗುರಾಗಿ.

ಬ್ಯಾಂಕಿನಿಂದ ನಿವೃತ್ತರಾದ ಇಂಥ ಒಬ್ಬ ಕಾಕಾಗೆ ಶುಗರ್ ಬಂತು. ವಿಮೆಯವರು ಕೇಳಿದರೆಂದು ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 8.2. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ ಎಂದು ವರದಿಯ ಕೆಳಗೇ ಅಚ್ಚಾಗಿತ್ತು. ಕಾಕಾ ಅದನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು.

“ಯಾರದೋ ರಕ್ತ ನನ್ನ ಹೆಸರಿಗೆ ಜಮಾ ಮಾಡ್ಯಾರ,” ಎಂದು ತೀರ್ಪು ಕೊಟ್ಟರು.

ಇನ್ನೊಂದು ಲ್ಯಾಬಿಗೆ ಹೋಗುವ ಮುಂಚೆ ನಾಲ್ಕು ದಿನ ಅನ್ನ, ಸಿಹಿ, ಚಹಾದ ಸಕ್ಕರೆ ಎಲ್ಲ ಬಿಟ್ಟರು. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಚೂರು ಇಳಿಯಿತು. 8.2 ಮಾತ್ರ ಕದಲಲಿಲ್ಲ. ಅದು ಎರಡು ಮೂರು ತಿಂಗಳ ಸರಾಸರಿ, ನಾಲ್ಕು ದಿನದ ಉಪವಾಸಕ್ಕೆ ಮಣಿಯುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಜೀವಮಾನವೆಲ್ಲ ಆಡಿಟ್‌ಗೆ ಮುಂಚಿನ ವಾರದಲ್ಲೇ ಪುಸ್ತಕ ಸರಿಮಾಡಿದ ಮನುಷ್ಯನಿಗೆ ಇದು ಅನ್ಯಾಯವಾಗಿ ಕಂಡಿತು.

“ಅಲ್ರೀ ಡಾಕ್ಟರ್, ಶುಗರ್ ಬರೂದು ದಪ್ಪ ಇದ್ದವರಿಗೆ. ನನ್ನ ಮೈಯಾಗ ಏನದ? ಅಂಗಿ ತಗದ್ರ ಎಲುಬು ಎಣಸಬಹುದು.”

ಡಾಕ್ಟರು ನಕ್ಕು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ವೈದ್ಯರು: ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ, ಅಂದರೆ ಬಿಎಂಐನಲ್ಲಿ, ಇಬ್ಬರೂ 22.3. ಆದರೆ ಮೈಯೊಳಗಿನ ಕೊಬ್ಬು ಲಂಡನ್ನಿನವರಿಗೆ ಶೇಕಡಾ 9.1, ಪುಣೆಯವರಿಗೆ 21.2. ಹೊರಗೆ ತೆಳ್ಳಗೆ, ಒಳಗೆ ತುಪ್ಪದ ಡಬ್ಬಿ. ನಮ್ಮವರ ಪ್ರಕೃತಿಯೇ ಹೀಗೆ.

ಇಲ್ಲಿ ಕಾಕಾನ ಒಳಗಿದ್ದ ಪುಣೇಕರ್ ಎದ್ದು ಕೂತ. “ಅಂದ್ರ ಇದನ್ನ ಕಂಡುಹಿಡದವರು ನಮ್ಮ ಪುಣ್ಯಾದವರು!” ರೋಗವನ್ನು ಒಪ್ಪಿಕೊಂಡದ್ದು ಆ ಗಳಿಗೆಯಲ್ಲಿ. ಆಮೇಲೆ ಒಂದು ವಾರ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ 22.3ರ ಕಥೆ. ಎರಡನೇ ಮಹಡಿಯವರು ನಾಲ್ಕನೆಯದಕ್ಕೆ ಹೋಗಿ ಇಳಿದು ಬರುವಂತಾಯಿತು.

ಕಾಕಾನ ತಂದೆಗೂ ಶುಗರ್ ಇತ್ತು. ಕಡೆಗೆ ಕಾಲಿನ ಎರಡು ಬೆರಳು ತೆಗೆದಿದ್ದರು. ಆ ಮಾತನ್ನು ಕಾಕಾ ಎತ್ತುವುದಿಲ್ಲ. ಆದರೆ ರಾತ್ರಿ ಮಲಗುವ ಮುಂಚೆ ಮಂಚದ ಅಂಚಿಗೆ ಕೂತು, ಹಳೇ ಪಂಚೆಯ ತುದಿಯಿಂದ ಬೆರಳಸಂದಿಗಳನ್ನು ಒಂದೊಂದಾಗಿ ಒರೆಸಿ, ಪಾದವನ್ನು ದೀಪದ ಕಡೆ ತಿರುಗಿಸಿ ನೋಡಿಕೊಳ್ಳುವುದನ್ನು ಕಾಕೂ ಕಂಡಿದ್ದಾರೆ. ಕಂಡರೂ ಗೋಡೆಯ ಕಡೆ ಹೊರಳಿ ಮಲಗಿದವರಂತೆ ಇದ್ದುಬಿಡುತ್ತಾರೆ.

ಹಗಲಿನ ಕಾಕಾ ಬೇರೆ. ಬೆಳಿಗ್ಗೆ ವೇತಾಳ ಟೇಕಡಿ ಹತ್ತುತ್ತಾರೆ, ಇಳಿದ ಮೇಲೆ ಹಾಗಲಕಾಯಿ ರಸ ಕುಡಿದು ಮುಖ ಕಿವುಚುತ್ತಾರೆ. ಸಂಕ್ರಾಂತಿಗೆ ಪಕ್ಕದ ಮನೆಯವರು ‘ತಿಳಗುಳ ಘ್ಯಾ, ಗೋಡ ಬೋಲಾ’ ಎಂದು ಎಳ್ಳುಂಡೆ ಕೊಟ್ಟರೆ, “ಗೋಡ ಬೋಲತೋ, ತಿಳಗುಳ ನಕೋ” ಎನ್ನುತ್ತಾರೆ, ಅಂದರೆ ಸಿಹಿ ಮಾತಾಡುತ್ತೇನೆ, ಎಳ್ಳುಂಡೆ ಬೇಡ. ಆಡುವ ಮಾತಂತೂ ಸಿಹಿಯಾಗಿರುವುದಿಲ್ಲ. ಪಾಪ, ಎರಡನ್ನೂ ಒಟ್ಟಿಗೆ ಬಿಡಬೇಕಾಗಿ ಬಂತು.

ಕಾಕಾಗೆ ಬೇಕಾಗಿದ್ದ ಔಷಧ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳಿದ್ದನ್ನು ಮಗ ಫೋನಿನಲ್ಲಿ ಓದಿ ಹೇಳಿದ. ಆ 10 ಕೋಟಿಯಿಂದ ಕಾಕಾಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಬೇಕಾಗಿದ್ದದ್ದು ಒಬ್ಬ, ತನಗಿಂತ ಹೆಚ್ಚಿರುವ ಒಬ್ಬನೇ ಒಬ್ಬ. ಟೇಕಡಿಯ ಕಲ್ಲುಬೆಂಚಿನ ಮೇಲೆ ಶುಗರಿನವರ ಒಂದು ಪಂಗಡ ಕೂರುತ್ತದೆ. ಅಲ್ಲಿ ನಮಸ್ಕಾರದ ಬದಲು ಕೇಳುವುದು ‘ಎಷ್ಟದ?’ ಅಥವಾ ‘ಕಿತೀ?’ ಎಂದು. ಕಾಕಾನ ಗ್ರಹಚಾರ, ಅಲ್ಲಿದ್ದವರೆಲ್ಲ ಏಳರ ಒಳಗಿನವರು. 8.2 ಎಂದಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಕಾಕಾ ಬಹಳ ದಿನ ಮರೆಯಲಿಲ್ಲ.

ಮನೆಗೆ ಗ್ಲೂಕೋಮೀಟರ್ ಬಂತು. ಕಾಕಾ ಬೆರಳು ಕೊಡಲೊಲ್ಲರು. “ಸೂಜಿ ಕಂಡ್ರ ಶುಗರ್ ತಾನಾಗಿ ಏರ್ತದ” ಎಂದು ವಾದ.

“ಸಣ್ಣ ಹುಡುಗರಂಗ ಮಾಡಬ್ಯಾಡ್ರಿ. ನೋಡ್ರಿಲ್ಲೆ,” ಎಂದು ಕಾಕೂ ತಮ್ಮ ಬೆರಳಿಗೇ ಚುಚ್ಚಿಕೊಂಡು ಪಟ್ಟಿಗೆ ಹನಿ ತಾಗಿಸಿದರು. ಐದು ಎಣಿಸುವಷ್ಟರಲ್ಲಿ ಅಂಕಿ ಬಂತು: 271.

“ಮಿಷನ್ ಕೆಟ್ಟದ,” ಎಂದರು ಕಾಕಾ. ದನಿ ಏಳಲಿಲ್ಲ. ಎರಡನೇ ಪಟ್ಟಿಗೆ 268 ಬಂತು. ಮರುದಿನ ಕಾಕೂನನ್ನು ತಾವೇ ಲ್ಯಾಬಿಗೆ ಕರೆದುಕೊಂಡು ಹೋದರು. ರಕ್ತ ತೆಗೆಯುವ ಹುಡುಗಿಗೆ “ಸಾವಕಾಶ, ಸಾವಕಾಶ” ಎಂದು ಹೇಳಿ ಹೇಳಿ ಬೈಸಿಕೊಂಡರು. ವರದಿಯಲ್ಲಿ 9.6. ಮನೆಯಲ್ಲಿ ಇಷ್ಟು ವರ್ಷ ಎಲ್ಲರ ರಕ್ತ ಪರೀಕ್ಷೆಯಾಗಿತ್ತು, ಕಾಕೂನದೊಂದು ಬಿಟ್ಟು.

ಈಗ ಇಬ್ಬರೂ ಟೇಕಡಿ ಹತ್ತುತ್ತಾರೆ, ಕಾಕಾ ಮುಂದೆ, ಕಾಕೂ ಹಿಂದೆ. ಮೊನ್ನೆ ಬೆಂಚಿಗೆ ಒಬ್ಬ ಹೊಸಬರು ಬಂದಿದ್ದರು. ಕನ್ನಡದವರೇ, ಮುಖ ಬಾಡಿತ್ತು. ಕಾಕಾ ಎಷ್ಟದ ಎಂದು ಕೇಳಿದರು.

“9.1 ರೀ,” ಎಂದರು ಆತ, ತಪ್ಪೊಪ್ಪಿಕೊಂಡವರ ಹಾಗೆ.

“ಅಷ್ಟs ಏನ್ರಿ? ನಮ್ಮ ಮನ್ಯಾಗ 9.6 ಅದ.”

ಹೊಸಬರ ಮುಖ ಅರಳಿತು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಕಾಕೂ, “ನಂದು ಊರ ತುಂಬ ಸಾರಿದ್ದು ಸಾಕು, ನಾಷ್ಟಾ ಮಾಡಿ ಗುಳಿಗಿ ನುಂಗೂದದ, ನಡೀರಿ,” ಎಂದರು.