ನಾಮವಿಸ್ಮೃತಿ ಮೀಮಾಂಸೆ

ಹೆಸರು ಮರೆಯುವವರೆಲ್ಲ ಒಂದೇ ಜಾತಿ ಎಂಬುದು ಪಾಮರರ ಮತ. ಲಕ್ಷಣ ನೋಡಿ ವಿಂಗಡಿಸಿದರೆ ನಾಲ್ಕು ಪ್ರಭೇದ ಸಿಗುತ್ತವೆ. ಪರಿಶೀಲನೆಗೆ ಪ್ರಶಸ್ತ ಸ್ಥಳ ಮದುವೆ ಛತ್ರ. ಪಂಕ್ತಿಯಲ್ಲಾದರೆ ಎಲೆಯ ಮೇಲೆ ಕಣ್ಣಿಟ್ಟು ಪಾರಾಗಬಹುದಿತ್ತು. ಬಫೆ ಬಂದ ಮೇಲೆ ತಟ್ಟೆ ಹಿಡಿದವನಿಗೆ ಅಡಗಲು ಜಾಗವಿಲ್ಲ.

ಮೊದಲನೆಯವನು ಅಶ್ರುತ. ಇವನು ಮರೆತೇ ಇಲ್ಲ, ಏಕೆಂದರೆ ಕೇಳಿಸಿಕೊಂಡೇ ಇಲ್ಲ. ಸರದಿಯಂತೆ ಗಟ್ಟಿಯಾಗಿ ಪದ ಓದುವವರಿಗೆ ತಮ್ಮ ಹಿಂದಿನವರು ಓದಿದ್ದೇ ನೆನಪಿರುವುದಿಲ್ಲ ಎಂದು 1973ರಲ್ಲಿ ಮಾಲ್ಕಂ ಬ್ರೆನರ್ ತೋರಿಸಿದ. ಪರಿಚಯದ ಹೊತ್ತಲ್ಲೂ ಅಷ್ಟೇ: ಎದುರಿನವರು ಹೆಸರು ಹೇಳುವಾಗ ನಾವು ನಮ್ಮ ಹೆಸರು, ನಗು, ನಮಸ್ಕಾರಗಳನ್ನು ಸಜ್ಜು ಮಾಡುತ್ತಿರುತ್ತೇವೆ. ಠೇವಣಿಯನ್ನೇ ಇಡದವನು ಬ್ಯಾಂಕ್ ಮುಳುಗಿತೆಂದು ಅತ್ತಂತೆ ಇವನ ಗೋಳು.

ಎರಡನೆಯವನು ಜಿಹ್ವಾಗ್ರಸ್ಥ. ‘ಮ’ಕಾರದಿಂದ ಶುರು, ನಾಲ್ಕಕ್ಷರ ಎನ್ನುತ್ತಾನೆ, ಮಂಜುನಾಥ ಮಾತ್ರ ಹೊರಬರುವುದಿಲ್ಲ. ಇದು ಸೋಗಲ್ಲ. ನಾಲಿಗೆ ತುದಿಗೆ ಬಂದು ನಿಂತ ಪದದ ಮೊದಲಕ್ಷರ, ಉಚ್ಚಾರದ ಉದ್ದ ಎಷ್ಟೋ ಸಲ ಗೊತ್ತಿರುತ್ತವೆಂದು 1966ರಲ್ಲೇ ಬ್ರೌನ್ ಮತ್ತು ಮೆಕ್‌ನೀಲ್ ದಾಖಲಿಸಿದ್ದಾರೆ. ಮಂಜುನಾಥ ಬಸ್ಸು ಹತ್ತಿ ಹೋದ ಮೇಲೆ ಹೆಸರು ಬರುತ್ತದೆ.

ಮೂರನೆಯವನು ಸ್ಥಾನಬದ್ಧ. ದಿನಾ ಕೌಂಟರಿನಾಚೆ ಕಾಣುವ ಮೆಡಿಕಲ್ ಶಾಪಿನವರು ರೇಷ್ಮೆ ಶಲ್ಯದಲ್ಲಿ ಬಂದರೆ ಇವನ ಕಥೆ ಮುಗಿಯಿತು.

ನಾಲ್ಕನೆಯ ವರ್ಗವೇ ವಿಸ್ತಾರವಾದದ್ದು: ಸಂಬೋಧನಾಶ್ರಯಿ. ಕನ್ನಡ ಇವನನ್ನು ತಾಯಿಯಂತೆ ಸಾಕಿದೆ. ಬೆಂಗಳೂರಲ್ಲಿ ‘ಸಾರ್’, ‘ಗುರು’, ‘ಮಗಾ’; ಮಂಗಳೂರಲ್ಲಿ ‘ಮಾರಾಯ್ರೇ’; ಧಾರವಾಡದಲ್ಲಿ ‘ಅಣ್ಣಾರ’. ಎದುರುಮನೆಯವರು ಇಪ್ಪತ್ತು ವರ್ಷದಿಂದ ‘ಎದುರುಮನೆ ಆಂಟಿ’. ಸಿಕ್ಕಿಬಿದ್ದಾಗ ಇವನಲ್ಲಿ ಎರಡು ಉಪಾಯಗಳಿವೆ. “ಇವಳು ನನ್ನ ಹೆಂಡತಿ” ಎಂದು ಮುಂದೆ ನೂಕಿ, ಆ ಕಡೆಯಿಂದ ಹೆಸರು ಬರಲೆಂದು ಕಾಯುವುದು ಒಂದು; ಅವರು ಬರೀ ಕೈಮುಗಿಯುತ್ತಾರೆ. ಮೊಬೈಲ್ ತೆಗೆದು “ಸೇವ್ ಮಾಡ್ಕೋತೀನಿ, ಸ್ಪೆಲಿಂಗ್ ಹೇಳಿ” ಎನ್ನುವುದು ಇನ್ನೊಂದು. “ರವಿ” ಎಂಬ ಉತ್ತರ ಬಂದರೆ ಮಾನ ಹೋಯಿತು.

ಇಲ್ಲಿ ಪ್ರಾಂತಭೇದದ ಚರ್ಚೆ ಅನಿವಾರ್ಯ. ಒಂದೇ ಪದವನ್ನು ಕಸುಬೆಂದು ಹೇಳಿದರೆ ನೆನಪಿರುತ್ತದೆ, ಅಡ್ಡಹೆಸರೆಂದು ಹೇಳಿದರೆ ಜಾರುತ್ತದೆ ಎಂದು 1987ರ ಬ್ರಿಟಿಷ್ ಪ್ರಯೋಗವೊಂದು ಸಾರಿತು: ರೊಟ್ಟಿ ಸುಡುವ ಬೇಕರ್ ಉಳಿಯುತ್ತಾನೆ, ಶ್ರೀಮಾನ್ ಬೇಕರ್ ಅಳಿಯುತ್ತಾನೆ. ಕಸುಬಿಗೆ ಒಲೆ, ಹಿಟ್ಟು, ಘಮಲು ಅಂಟಿಕೊಂಡಿವೆ. ಹೆಸರಿಗೆ ಏನೂ ಇಲ್ಲ. ಆದರೆ ಹುಬ್ಬಳ್ಳಿ ಕಡೆಯ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ ಮನೆತನಗಳವರು ಕೈಕುಲುಕಿದೊಡನೆ ಕೇಳುಗನ ಮನಸ್ಸಲ್ಲಿ ಸಂತೆಯೇ ನೆರೆಯುತ್ತದೆ. ಹಳೇ ಮೈಸೂರಿನ ಕೆ.ಎಸ್., ಎಸ್.ಕೆ.ಗಳಿಗೆ ಯಾವ ಚಿತ್ರ ಕಟ್ಟುವುದು? ಈ ವಿಷಯದಲ್ಲಿ ಉತ್ತರದವರದೇ ಮೇಲುಗೈ ಎಂದು ಮೈಸೂರಿನವರೂ ಒಪ್ಪತಕ್ಕದ್ದು.

ಚಿಕಿತ್ಸೆ ಸರಳ, ಮಾಡುವವರು ಕಡಿಮೆ. ಹೆಸರು ಕೇಳಿದೊಡನೆ ಒಮ್ಮೆ ಬಾಯಲ್ಲಿ ಹೇಳಬೇಕು. ಆಮೇಲೆ ಹೋಳಿಗೆಗೊಮ್ಮೆ, ಮಜ್ಜಿಗೆಗೊಮ್ಮೆ, ಮನೆಗೆ ಹೋಗುವ ದಾರಿಯಲ್ಲೊಮ್ಮೆ ತಾನೇ ನೆನೆಸಿಕೊಳ್ಳಬೇಕು. ಅಂತರ ಹಿಗ್ಗುತ್ತ ಹೋಗಬೇಕು. ಹೀಗೆ ಹಿಗ್ಗುವ ಅಂತರದಲ್ಲಿ ನೆನೆಸಿಕೊಂಡರೆ ಹೆಸರು ನಿಲ್ಲುತ್ತದೆಂದು 1978ರಲ್ಲಿ ಲ್ಯಾಂಡಾವರ್ ಮತ್ತು ಬ್ಯೋರ್ಕ್ ತೋರಿಸಿದರು. ಮೊಬೈಲ್ ನೋಡಿ ಓದಿದ್ದು ಲೆಕ್ಕಕ್ಕಿಲ್ಲ. ಮರೆತರೆ ಮೊದಲ ದಿನವೇ ಮತ್ತೆ ಕೇಳಿಬಿಡಿ. ಆಗ ಅದು ಆಸಕ್ತಿ, ಮೂರು ವರ್ಷದ ಮೇಲಾದರೆ ಅವಮಾನ.

ಚಿಕಿತ್ಸೆಯಿಲ್ಲದವನು ಒಬ್ಬನೇ, ಅವನು ಮರೆಗುಳಿಯಲ್ಲ: ಕೈ ಹಿಡಿದುಕೊಂಡು “ನಾನ್ಯಾರು ಹೇಳಿ ನೋಡೋಣ?” ಎನ್ನುವ ಪರೀಕ್ಷಕ. ಆ ಪೈಕಿಯವರು ಇದನ್ನು ಓದುತ್ತಿದ್ದರೆ ಒಂದು ಅರಿಕೆ: ಮುಂದಿನ ಮದುವೆಯಲ್ಲಿ ಮೊದಲು ನಿಮ್ಮ ಹೆಸರು ಹೇಳಿ, ಎಲ್ಲಿ ಸಿಕ್ಕಿದ್ದಿರೆಂದು ಹೇಳಿ. ಕೈ ಆಮೇಲೆ ಹಿಡಿಯಿರಿ.